ಅಂದಮಾನ, ವ್ಹಾಯಾ ರಾಮಲಿಂಗಪ್ಪನ ಮನೆ

ಸವದತ್ತಿಯಿಂದ ಅಂದಮಾನಕ್ಕೆ ಹೋಗುವುದು ಹೇಗೆ ಎಂದು ಯಾರನ್ನು ಬೇಕಾದರೂ ಕೇಳಿ. ಬೆಳಗಾವಿಗೆ ಹೋಗಿ, ವಿಮಾನ ಹತ್ತಿ ಬೆಂಗಳೂರಿನಲ್ಲಿ ಇಳಿದು, ಇನ್ನೊಂದು ವಿಮಾನ ಹತ್ತಿದರೆ ಅಂದಮಾನ ಎಂದು ಒಂದೇ ಉಸಿರಿಗೆ ಹೇಳಿ ತಮ್ಮ ಕೆಲಸ ನೋಡಿಕೊಳ್ಳುತ್ತಾರೆ. ವೆಂಕಣ್ಣನವರನ್ನು ಮಾತ್ರ ಕೇಳಬೇಡಿ. ಅವರು ಮೊದಲು ನಿಮ್ಮನ್ನು ಕೂರಿಸುತ್ತಾರೆ, ಆಮೇಲೆ ನಿಮ್ಮ ನಕ್ಷತ್ರ ಕೇಳುತ್ತಾರೆ.

ವೆಂಕಣ್ಣನವರ ಮನೆತನಕ್ಕೆ ಪಂಚಾಂಗ ಪಿತ್ರಾರ್ಜಿತ ಆಸ್ತಿ. ಅವರು ಸ್ವತಃ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದವರು. ಹೀಗಾಗಿ ಬಸ್ಸಿನ ವೇಳಾಪಟ್ಟಿ ಸ್ವಯಾರ್ಜಿತ. ಇವೆರಡೂ ಒಂದೇ ತಲೆಯಲ್ಲಿ ಸಂಸಾರ ಹೂಡಿದರೆ ಏನಾಗುತ್ತದೆಂದು ಅವರ ಧರ್ಮಪತ್ನಿ ಮಥುರಾಬಾಯಿಯವರನ್ನೇ ಕೇಳಬೇಕು. ಸೋಮವಾರ, ಶನಿವಾರ ಪೂರ್ವಕ್ಕೆ ಹೋಗಬಾರದು, ಶುಕ್ರವಾರ, ರವಿವಾರ ಪಶ್ಚಿಮಕ್ಕೆ ಹೋಗಬಾರದು, ಹೋದರೆ ದಿಕ್ಕಿನ ಶೂಲ ಚುಚ್ಚುತ್ತದೆ ಎಂಬುದು ವೆಂಕಣ್ಣನವರ ಸಿದ್ಧಾಂತ. ಆಕೆಯ ತವರು ರಾಮದುರ್ಗ, ಪೂರ್ವಕ್ಕೆ. ತಂಗಿಯ ಮದುವೆ ಬಂದದ್ದು ಸೋಮವಾರ. ವೆಂಕಣ್ಣನವರು ಹೆಂಡತಿಯನ್ನು ಮೊದಲು ಪಶ್ಚಿಮದ ಬೈಲಹೊಂಗಲಕ್ಕೆ ಕರೆದೊಯ್ದು, ಅಲ್ಲಿ ಚಹಾ ಕುಡಿಸಿ, ಅದೇ ಬಸ್ಸಿನಲ್ಲಿ ತಮ್ಮ ಮನೆಯ ಮುಂದಿನಿಂದಲೇ ಹಾಯಿಸಿಕೊಂಡು ರಾಮದುರ್ಗ ಮುಟ್ಟಿಸಿದ್ದರು. ಅಕ್ಷತೆ ತಪ್ಪಿತು, ಊಟ ಸಿಕ್ಕಿತು. ಊಟ ಸಿಕ್ಕಿದ್ದು ಬೈಲಹೊಂಗಲದ ಮೇಲೆ ಹೋದ ಪುಣ್ಯದಿಂದ ಎಂದು ಅವರು ಇಂದಿಗೂ ನಂಬಿದ್ದಾರೆ.

ಇಂಥ ಮಥುರಾಬಾಯಿ ಒಂದು ದಿನ ಮುಂಜಾನೆ ಚಹಾ ಕೊಡುತ್ತಾ, "ರೀ, ಈ ವರ್ಷ ನನಗ ಸಮುದ್ರ ತೋರಸ್ರಿ" ಎಂದರು.

"ಗೋಕರ್ಣದಾಗ ತೋರಿಸಿದ್ನೆಲ್ಲಾ?"

"ಅಲ್ಲೆ ನೀವು ತೋರಿಸಿದ್ದು ಸಮುದ್ರಲ್ಲ, ಪಿಂಡ ಬಿಡೋ ಜಾಗಾ. ನನಗ ಪೂಜಿ ಇಲ್ಲದ, ಪ್ರಸಾದ ಇಲ್ಲದ, ನಿಮ್ಮ ಸ್ವಾದರತ್ತಿ ಮನಿ ಇಲ್ಲದ ಒಂದು ಊರು ಬೇಕು. ಒಂದಽ ಒಂದು ಸಲ, ಸುಮ್ಮನ ಕಾಲು ಇಳಿಬಿಟ್ಟು ಕೂಡ್ಲಿಕ್ಕೆ."

"ಅಂಥಾ ಊರು ಭೂಮಿ ಮ್ಯಾಲೆ ಇಲ್ಲ."

"ಅದಕ್ಕಽ ಸಮುದ್ರದಾಗ ಹುಡುಕೀನಿ. ಅಂದಮಾನ."

ವೆಂಕಣ್ಣನವರು ಚಹಾದ ಬಶಿ ಕೆಳಗಿಟ್ಟರು. "ಸಮುದ್ರೋಲ್ಲಂಘನ! ನಮ್ಮ ಮನಿತನದಾಗ ನಿಷಿದ್ಧ ಅದ."

ಮಥುರಾಬಾಯಿ ಮುಖ ಬಾಡಿಸಿಕೊಂಡು ಒಳಗೆ ಹೋದರು. ವೆಂಕಣ್ಣನವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. (ಹೆಂಡತಿಯ ಮೇಲೆ ಅವರಿಗೆ ಯಲ್ಲಮ್ಮನ ಗುಡ್ಡದಷ್ಟು ಪ್ರೀತಿ. ಅದು ಹೊರಗೆ ಬರಲು ಮುಹೂರ್ತ ಕೂಡಿಬರುವುದಿಲ್ಲ, ಅಷ್ಟೇ.) ಅಜ್ಜನ ಕಾಲದ ಗ್ರಂಥಗಳ ಧೂಳು ಝಾಡಿಸಿ, ಸೀನಿ, ಮತ್ತೆ ಸೀನಿ, ಕಡೆಗೆ ತೀರ್ಪು ಕೊಟ್ಟರು. "ಸಮುದ್ರ ದಾಟೂದು ಹಡಗು. ವಿಮಾನ ದಾಟೂದು ಆಕಾಶ. ಆಕಾಶ ದಾಟಬ್ಯಾಡ ಅಂತ ಯಾವ ಋಷಿನೂ ಅಂದಿಲ್ಲ. ಹೋಗೋಣು!"

ತೀರ್ಪು ಮೇಲಿನ ಕೋರ್ಟಿಗೆ ಹೋಗುವುದರೊಳಗೆ ಮಥುರಾಬಾಯಿ ಮೊಬೈಲಿನಲ್ಲಿ ಎರಡು ಟಿಕೀಟು ತೆಗೆದೇಬಿಟ್ಟರು. ಮಗಳು ಶರ್ವರಿ ಅದನ್ನೆಲ್ಲ ಆಕೆಗೆ ಕಲಿಸಿಕೊಟ್ಟಿದ್ದಳು. ವೆಂಕಣ್ಣನವರು ತಾರೀಖು ನೋಡಿ ಕೂಗಿಕೊಂಡರು.

"ಸೋಮವಾರ! ಅಂದಮಾನ ಪೂರ್ವಕ್ಕದ ಮಾರಾಯ್ತಿ!"

"ಬೆಳಗಾವಿ ಪಶ್ಚಿಮಕ್ಕ ಅದಲ್ರಿ. ಮೊದಲು ಅಲ್ಲೆ ಹೋಗೂದಲ್ಲಾ? ನನ್ನ ತಂಗಿ ಲಗ್ನಕ್ಕ ನೀವಽ ಮಾಡಿದ್ರಲ್ಲ, ಹಂಗಽ."

ತಮ್ಮ ಅಸ್ತ್ರ ತಮಗೇ ತಿರುಗಿತ್ತು. ಆದರೆ ವೆಂಕಣ್ಣನವರದು ಸೋಲೊಪ್ಪುವ ಜೀವವಲ್ಲ. "ಅದು ರಾಮದುರ್ಗದಂಥಾ ಸಣ್ಣ ಪ್ರಯಾಣಕ್ಕ ನಡೀತದ. ನಡುವ ಸಮುದ್ರ ಇದ್ದಲ್ಲೆ ನಡಿಯೂದಿಲ್ಲ."

ಅಂದಿನಿಂದ ಮನೆ ಮನೆಯಾಗಿ ಉಳಿಯಲಿಲ್ಲ, ಬಸ್ ನಿಲ್ದಾಣದ ವಿಚಾರಣೆಯ ಕಿಟಕಿಯಾಯಿತು. ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ವೆಂಕಣ್ಣನವರು ಹಾದಿ ಬರೆದರು, ಅಳಿಸಿದರು. ಕಿತ್ತೂರಿನ ಮೇಲೆ ಗೋವಾ, ಗೋವಾದಿಂದ ಕೊಚ್ಚಿ, ಕೊಚ್ಚಿಯಿಂದ ಕೆಳಗಿಳಿದು ದಕ್ಷಿಣದ ಕಡೆಯಿಂದ ಅಂದಮಾನವನ್ನು ಹೊಗುವುದು ಒಂದು ಹಾದಿ. ಉತ್ತರಕ್ಕೆ ಹೋಗಿ ಹೋಗಿ ಕಲಕತ್ತೆಯಿಂದ ಕೆಳಗೆ ಬರುವುದು ಇನ್ನೊಂದು. ಅದರಲ್ಲಿ ಕಾಶಿಯೂ ಹಾದಿಯ ಮೇಲೇ ಬೀಳುತ್ತದೆ ಎಂದದ್ದೇ ತಡ, ಮಥುರಾಬಾಯಿ ಕ್ಯಾಲೆಂಡರನ್ನು ಕಸಿದು ಡಬ್ಬಿಯ ಕೆಳಗೆ ಹಾಸಿದರು.

ಕಡೆಗೆ ವೆಂಕಣ್ಣನವರಿಗೆ ಬೆಳಕು ಹೊಳೆಯಿತು. ಪ್ರಸ್ಥಾನ!

ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ ಹಿರಿಯರು ಒಂದು ಉಪಾಯ ಮಾಡುತ್ತಿದ್ದರು. ಒಳ್ಳೆಯ ದಿನ ನೋಡಿ, ಹೋಗುವ ದಿಕ್ಕಿನಲ್ಲಿರುವ ಪರಿಚಯದವರ ಮನೆಯಲ್ಲಿ ತಮ್ಮ ಗಂಟನ್ನು ಇಟ್ಟುಬರುವುದು. ಗಂಟು ಹೋಯಿತೆಂದರೆ ಮನುಷ್ಯ ಹೊರಟಂತೆಯೇ ಲೆಕ್ಕ; ಆಮೇಲೆ ಯಾವ ದಿನ ಹೋದರೂ ಶೂಲ ಮುಟ್ಟುವುದಿಲ್ಲ. ಇದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ರವಿವಾರ ಪೂರ್ವಕ್ಕೆ ಪ್ರಶಸ್ತ. ಪೂರ್ವಕ್ಕೆ ಎದುರುಮನೆಯೇ ಇತ್ತು, ಹೊಲಮನೆಯ ರಾಮಲಿಂಗಪ್ಪನದು.

ಚೀಲದಲ್ಲಿ ಅಡಿಕೆ, ಅರಿಷಿಣ ಕೊಂಬು, ತಮ್ಮದೊಂದು ಧೋತರ ಇಟ್ಟರು. "ದಂಪತಿ ಪ್ರಯಾಣ. ನಿನ್ನದೂ ಒಂದು ಸೀರಿ ಕೊಡು. ಅದು ಹೋತಂದ್ರ ನೀ ಹೋದಂಗಽ."

"ಒಯ್ರಿ. ನನಗ ಅವಲಕ್ಕಿ ಹಚ್ಚೂದದ" ಎಂದು ಮಥುರಾಬಾಯಿ ಒಂದು ಸೀರೆ ಎಸೆದರು.

ಚೀಲವಿಟ್ಟು ಬಂದಿದ್ದರೆ ಸಾಕಿತ್ತು. ಆದರೆ ವೆಂಕಣ್ಣನವರದು ಅರೆಬರೆ ಕೆಲಸವಲ್ಲ. ಚೀಲದೊಂದಿಗೆ ತಾವೂ ಹೊಸ್ತಿಲು ದಾಟಿ, ಓಣಿ ದಾಟಿ, ಎದುರುಮನೆಯ ಕಟ್ಟೆಯ ಮೇಲೆ ವಿರಾಜಮಾನರಾದರು. ಪ್ರಯಾಣ ಮುಗಿಯುವ ತನಕ ಮನೆಯೊಳಗೆ ಕಾಲಿಡುವುದಿಲ್ಲವೆಂದು ಓಣಿಗೆಲ್ಲ ಕೇಳುವಂತೆ ಘೋಷಿಸಿದರು.

ರಾಮಲಿಂಗಪ್ಪ ಎಮ್ಮೆಗೆ ಮೇವು ಹಾಕುತ್ತಿದ್ದವನು ತಿರುಗಿ ನೋಡಿ, "ಬರ್ರಿ ಆಚಾರ್ರ, ಬಂತೇನ್ರಿ ಅಂದಮಾನ?" ಎಂದ.

"ಇದು ಮೊದಲನೇ ಸ್ಟಾಪಪಾ" ಎಂದರು ವೆಂಕಣ್ಣ, ಗಂಭೀರವಾಗಿ.

ಅದೇ ಸಂಜೆ ಮಥುರಾಬಾಯಿ ಮೊಬೈಲು ಹಿಡಿದುಕೊಂಡು ಓಣಿಯ ನಡುವೆ ಬಂದು ನಿಂತರು. ಆಕೆಯ ದನಿಯಲ್ಲಿ ಅಳು ಇತ್ತು. "ಸಮುದ್ರದಾಗ ಬಿರುಗಾಳಿ ಎದ್ದದಂತ. ವಿಮಾನ ರದ್ದು ಮಾಡ್ಯಾರ. ರೊಕ್ಕಾ ತಿರುಗಿ ಕೊಡ್ತಾರಂತ. ಏಳ್ರಿ, ಮನಿಗೆ ಬರ್ರಿ."

"ಬರೂಹಂಗಿಲ್ಲ."

"ಅಂದ್ರ?"

"ನಾ ಪ್ರಯಾಣದಾಗ ಇದ್ದೀನಿ. ಈಗ ತಿರುಗಿ ಬಂದ್ರ ಪ್ರಸ್ಥಾನ ಮುರಿದಂಗ. ಜನ್ಮದಾಗ ಮತ್ತ ನಿನಗ ಅಂದಮಾನ ಕಾಣೂದಿಲ್ಲ. ನಿನ್ನ ಸಲುವಾಗಿ ನಾ ಇಲ್ಲೇ ಇರ್ತೀನಿ. ಹೊಸಾ ದಿನಾ ಹುಡುಕಿ ಹೇಳ್ತೀನಿ."

ಎಂಥ ತ್ಯಾಗ! ಮಥುರಾಬಾಯಿ ಸೆರಗು ಸೆಳೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು.

ರಾತ್ರಿಯ ಊಟಕ್ಕೆ ತೊಡಕು ಬಂತು. ಮನೆಯ ಅಡಿಗೆ ಉಂಡರೆ ಮನೆಗೆ ಹೋದಂತೆಯೇ ಆಗುತ್ತದೆಂದು ಅವರೇ ಹೊಸದೊಂದು ಸೂತ್ರ ಮಾಡಿದ್ದರು. ಹಾಗಾದರೆ ಉಳಿದದ್ದು ರಾಮಲಿಂಗಪ್ಪನ ಹೆಂಡತಿ ಬಾಯವ್ವನ ಅಡಿಗೆ. ಬಿಸಿ ರೊಟ್ಟಿ, ಜುಣಕ, ಬಳ್ಳೊಳ್ಳಿಯ ಕೆಂಪು ಚಟ್ನಿ, ಗುದ್ದಿ ಒಡೆದ ಉಳ್ಳಾಗಡ್ಡಿ. ವೆಂಕಣ್ಣನವರ ಮನೆಯಲ್ಲಿ ಬಳ್ಳೊಳ್ಳಿಗೆ ತಲೆಮಾರುಗಳಿಂದ ಬಹಿಷ್ಕಾರ.

"ನಿಮಗ ನಡಿಯೂದಿಲ್ಲಲ್ರಿ ಆಚಾರ್ರ?" ಬಾಯವ್ವ ಅನುಮಾನಿಸಿದಳು.

"ಆತುರೇ ನಿಯಮೋ ನಾಸ್ತಿ, ಜಡ್ಡು ಬಿದ್ದವಗ ನೇಮ ಇಲ್ಲ ಅಂದಾರ ಬಾಯವ್ವಾ. ಪ್ರವಾಸಿನೂ ಒಂದು ನಮೂನಿ ಆತುರನಽ. ಚಟ್ನಿ ಇಷ್ಟು ಈ ಕಡೆ ಹಾಕು."

ಆ ಊಟದ ಮೇಲೆ ವೆಂಕಣ್ಣನವರ ಪಂಚಾಂಗ ಬಹಳ ಕಟ್ಟುನಿಟ್ಟಾಯಿತು. ದಿನಾ ಮುಂಜಾನೆ ಮಥುರಾಬಾಯಿ ಆ ಬಾಗಿಲಿಂದ, "ಬುಧವಾರ ವಿಮಾನ ಅದ, ನಡೀತದೇನ್ರಿ?" ಎಂದು ಕೂಗುವರು. ಇವರು ಈ ಕಟ್ಟೆಯಿಂದ, "ಚಂದ್ರಬಲ ಇಲ್ಲ" ಎನ್ನುವರು. ಗುರುವಾರ ತಾರಾಬಲ ಇಲ್ಲ. ಮತ್ತೊಂದು ದಿನ ಎಲ್ಲ ಬಲವೂ ಇದ್ದವು, ಆದರೆ ಅಂದು ಬಾಯವ್ವ ಹೋಳಿಗೆ ಮಾಡುವವಳಿದ್ದಳು. ಬೇವಿನ ನೆರಳು, ಮಲಗಲು ಹೊರಸು, ಕೇಳಿದಾಗಲೆಲ್ಲ ಎಮ್ಮೆಯ ಹಾಲಿನ ಗಟ್ಟಿ ಚಹಾ, ಸಂಜೆಗೆ ರಾಮಲಿಂಗಪ್ಪನೊಂದಿಗೆ ಕಬ್ಬಿನ ಗಾಡಿಗಳ ಸುದ್ದಿ. ಇಷ್ಟು ಸುಖದ ಪ್ರವಾಸವನ್ನು ವೆಂಕಣ್ಣನವರು ಹುಟ್ಟಿದಾಗಿಂದ ಮಾಡಿರಲಿಲ್ಲ. ಎದುರಿನ ತಮ್ಮ ಮನೆಯಿಂದ ಟೀವಿಯ ಸದ್ದು, ನಡುನಡುವೆ ಹೆಂಡತಿಯ ನಗು ಕೇಳಿಬರುತ್ತಿತ್ತು. ಪಾಪ, ದುಃಖ ಮರೆಯಲು ನಗುತ್ತಾಳೆ ಎಂದುಕೊಂಡು ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದರು.

ಬಾಯವ್ವ ಮಾತ್ರ ಸೊರಗತೊಡಗಿದಳು. ಒಂದು ಮಧ್ಯಾಹ್ನ ಆಕೆ ಓಣಿ ದಾಟಿ ಮಥುರಾಬಾಯಿಯ ಕಟ್ಟೆಗೆ ಹೋಗಿ ಕುಳಿತಳು. ಇಬ್ಬರೂ ತಲೆಗೆ ತಲೆ ಕೂಡಿಸಿ ಬಹಳ ಹೊತ್ತು ಪಿಸುಗುಟ್ಟಿದರು, ಮೊಬೈಲು ನೋಡಿದರು. ಕಡೆಗೆ ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಹೆಂಗಸರು ಏನೋ ಅಡಿಗೆಯ ವಿಡಿಯೋ ನೋಡುತ್ತಿದ್ದಾರೆಂದು ತಿಳಿದು ವೆಂಕಣ್ಣನವರು ಮಗ್ಗುಲು ಬದಲಿಸಿದರು.

ಮುಂದಿನ ಸೋಮವಾರ ಬೆಳಗಾಗುತ್ತಲೇ ಓಣಿಯಲ್ಲಿ ಕಾರಿನ ಹಾರ್ನು ಕೇಳಿ ಅವರು ಎದ್ದು ಕುಳಿತರು. ಮಥುರಾಬಾಯಿ ಸೀರೆಯ ಕೆಳಗೆ ಬಿಳಿ ಬೂಟು ಹಾಕಿಕೊಂಡು ನಿಂತಿದ್ದರು. ಪಕ್ಕದಲ್ಲಿ ಬಾಯವ್ವ, ಹೊಸ ಇಳಕಲ್ ಸೀರೆ, ಕಂಕುಳಲ್ಲಿ ರೊಟ್ಟಿಯ ಗಂಟು.

"ಎಲ್ಲಿಗೆ ಹೊಂಟೀರಿ ಇಬ್ಬರೂ?"

"ಅಂದಮಾನಕ್ಕ" ಎಂದರು ಮಥುರಾಬಾಯಿ, ಸಂತೆಗೆ ಹೊರಟವರಂತೆ. "ಬಂದ ರೊಕ್ಕದಾಗ ಮತ್ತ ಎರಡು ಟಿಕೀಟು ತಗದೆ. ಒಂದು ನಂದು, ಒಂದು ಬಾಯವ್ವಂದು."

"ನಂದು?"

"ನಿಮಗ ಸೋಮವಾರ ನಡಿಯೂದಿಲ್ಲಲ್ರಿ."

"ಅಲ್ಲಽ, ನಿನಗ ಹ್ಯಾಂಗ ನಡೀತದ? ಪೂರ್ವಕ್ಕ ಶೂಲ!"

ಮಥುರಾಬಾಯಿ ಕಟ್ಟೆಯ ಮೇಲಿದ್ದ ಪ್ರಸ್ಥಾನದ ಚೀಲವನ್ನು ಎತ್ತಿದರು. ಧೋತರ ತೆಗೆದು ಗಂಡನ ತೊಡೆಯ ಮೇಲಿಟ್ಟು, ಸೀರೆಯ ಸಮೇತ ಚೀಲವನ್ನು ಹೆಗಲಿಗೇರಿಸಿದರು. "ಸೀರಿ ಹೋತಂದ್ರ ನಾ ಹೋದಂಗಽ ಅಂದವರು ನೀವಽ. ನಾ ಹೊಂಟು ಎಂಟು ದಿನಾ ಆತ್ರಿ."

"ಬಾಯವ್ವಂದು ಪ್ರಸ್ಥಾನ ಆಗಿಲ್ಲಲ್ಲ!" ವೆಂಕಣ್ಣನವರು ಕಡೆಯ ಅಸ್ತ್ರ ಬಿಟ್ಟರು.

"ನಾವು ಕಬ್ಬಿನ ಗಾಡಿ ಹೊಡ್ಯಾವರ್ರಿ ಆಚಾರ್ರ. ಎಂ.ಕೆ. ಹುಬ್ಬಳ್ಳಿ ಫ್ಯಾಕ್ಟರಿಗೆ ಹೋಗಾಕ ಯಾವ ವಾರ ನೋಡಿಲ್ಲ" ಎಂದಳು ಬಾಯವ್ವ, ಕಾರಿನೊಳಗೆ ಕೂರುತ್ತಾ. ಅಷ್ಟರಲ್ಲಿ ಕಣ್ಣುಜ್ಜಿಕೊಳ್ಳುತ್ತ ಬಂದ ರಾಮಲಿಂಗಪ್ಪನಿಗೆ, "ಎಮ್ಮಿ ಹಿಂಡ್ರಿ. ಆಚಾರ್ರಿಗೆ ಚಹಾ ಮಾಡಿ ಕೊಡ್ರಿ" ಎಂದು ಹೇಳಿದಳು. ಕಾರು ಧೂಳೆಬ್ಬಿಸಿ ಹೋಯಿತು.

ಓಣಿಯಲ್ಲಿ ಗಂಡಸರಿಬ್ಬರೇ ಉಳಿದರು. ವೆಂಕಣ್ಣನವರು ಮನೆಗೆ ಹೋಗಿಬಿಡೋಣವೆಂದರೆ ಕೀಲಿಕೈ ಹೆಂಡತಿಯ ಸೊಂಟದಲ್ಲಿ. ಇದ್ದರೂ, ಓಣಿಯ ಎದುರು ಮಾಡಿದ ಘೋಷಣೆಯನ್ನು ನುಂಗುವುದು ಹೇಗೆ? ರಾಮಲಿಂಗಪ್ಪನಿಗೆ ರೊಟ್ಟಿ ತಿನ್ನುವುದು ಗೊತ್ತಿತ್ತು, ಬಡಿಯುವುದು ಗೊತ್ತಿರಲಿಲ್ಲ. ಮೂರು ದಿನ ಅವಲಕ್ಕಿ, ಚುರುಮುರಿ, ಮತ್ತೆ ಅವಲಕ್ಕಿಯಲ್ಲಿ ಕಳೆದವು. ಎಮ್ಮೆಯೂ ಮುನಿಸಿಕೊಂಡು ಹಾಲು ಏರಿಸಿಕೊಂಡಿತು.

ಗುರುವಾರ ಮಧ್ಯಾಹ್ನ ವಿಡಿಯೋ ಫೋನು ಬಂತು. ಪರದೆಯ ತುಂಬ ನೀಲಿ ನೀರು. ನೀರಿನಲ್ಲಿ ಮೊಣಕಾಲ ತನಕ ಸೀರೆ ಎತ್ತಿ ಕಟ್ಟಿದ ಮಥುರಾಬಾಯಿ. ತೆರೆ ಬಂದಾಗೊಮ್ಮೆ ಬಾಯವ್ವನ ಕೈ ಹಿಡಿದು ಚೀರಿ ನಗುತ್ತಿದ್ದರು. ಹೆಂಡತಿ ಹೀಗೆ ನಗುವುದನ್ನು ವೆಂಕಣ್ಣನವರು ಇಷ್ಟು ವರ್ಷ ನೋಡಿಯೇ ಇರಲಿಲ್ಲ. ತಾವು ಪಕ್ಕದಲ್ಲಿ ಇರಬೇಕಿತ್ತು ಎಂದು ಬಹಳ ಅನ್ನಿಸಿತು.

"ಹ್ಯಾಂಗ ಹೋದ್ರಿ? ಹಾದಿ ತಪ್ಪಲಿಲ್ಲಾ?"

"ನೆಟ್ಟಗ ಬಂದ್ವಿರಿ. ನೆಟ್ಟಗ ಹೋಗ್ಲಿಕ್ಕೂ ಬರತದಂತ ನನಗ ಈಗ ಗೊತ್ತಾತು. ನಾಳೆ ವಿಮಾನ ಅದ, ರಾತ್ರಿ ಊಟಕ್ಕ ಮನಿಯೊಳಗ ಇರ್ತೀವಿ."

ಮಗ್ಗುಲಲ್ಲಿದ್ದ ರಾಮಲಿಂಗಪ್ಪನ ಕಣ್ಣಲ್ಲಿ ಬಿಸಿ ರೊಟ್ಟಿ ಉಬ್ಬಿತು. ಅಷ್ಟರಲ್ಲಿ ವೆಂಕಣ್ಣನವರ ನಾಲಗೆ, ಧಣಿಯನ್ನು ಕೇಳದೆಯೇ, ನುಡಿದುಬಿಟ್ಟಿತು. "ನಾಳೆ ಶುಕ್ರವಾರಲ್ಲಾ? ಪಶ್ಚಿಮಕ್ಕ ಶೂಲ!"

"ಅಯ್ಯ, ಹೌದೇನ್ರಿ? ಹಂಗಾದ್ರ ಶನಿವಾರ?"

ರಾಮಲಿಂಗಪ್ಪ ವೆಂಕಣ್ಣನವರ ರಟ್ಟೆ ಹಿಚುಕಿದ. ಸುಳ್ಳು ಹೇಳಬಹುದಿತ್ತು. ಆದರೆ ಬಾಯವ್ವನ ಹೋಳಿಗೆಯ ಸಲುವಾಗಿ ಪಂಚಾಂಗದಿಂದ ಸುಳ್ಳು ಹೇಳಿಸಿದ್ದವರಿಗೆ, ನೀರಲ್ಲಿ ನಿಂತ ಆ ಮುಖದ ಮುಂದೆ ಬಾಯಿ ಬರಲಿಲ್ಲ. "ಶನಿವಾರ... ನವಮಿ. ಪ್ರಯಾಣಕ್ಕ ವರ್ಜ್ಯ."

"ರವಿವಾರ?"

"ಮತ್ತ ಪಶ್ಚಿಮಕ್ಕ ಶೂಲ."

"ಸೋಮವಾರ?"

"ಸೋಮವಾರ ದಿವ್ಯ ಅದ."

"ಆತು ಹಂಗಾದ್ರ, ಸೋಮವಾರ ತನಕಾ ಇಲ್ಲೇ ಇರ್ತೀವಿ. ಟಿಕೀಟು ಮುಂದ ಹಾಕೂದು ನನಗ ಬರತದ. ನಿಮ್ಮ ಶಾಸ್ತ್ರ ನಾ ಯಾಕ ಮುರೀಲಿ?" ಹಿಂದೆ ಬಾಯವ್ವ ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಫೋನು ಆರಿತು.

ರಾಮಲಿಂಗಪ್ಪ ಒಳಗೆ ಹೋಗಿ, ಜೋಳದ ಹಿಟ್ಟಿನ ಪರಾತ ತಂದು ವೆಂಕಣ್ಣನವರ ಮುಂದೆ ಇಟ್ಟ.

"ಬಡೀರಿ ಆಚಾರ್ರ."

"ನನಗ ರೊಟ್ಟಿ ಬಡೀಲಿಕ್ಕೆ ಬರೂದಿಲ್ಲಪಾ!"

"ಕಲೀರಿ" ಎಂದ ರಾಮಲಿಂಗಪ್ಪ. "ಸೋಮವಾರ ತನಕಾ ಎಲ್ಲಾ ದಿನಾನೂ ಚೊಲೋ ಅದಾವು."