ದೊಡ್ಡ ಡಿಕ್ಕಿಯ ಸ್ಕೂಟರು

ಸ್ಕೂಟರಿನ ವಿಷಯದಲ್ಲಿ ನನಗೆ ಗೊತ್ತಿರುವುದು ಹಿಂದಿನ ಸೀಟು ಮಾತ್ರ. ಎದುರು ಕೂತವರಿಗೆ ರಸ್ತೆ ಕಾಣುತ್ತದೆ, ಸಿಗ್ನಲ್ ಕಾಣುತ್ತದೆ. ಹಿಂದೆ ಕೂತವಳಿಗೆ ಕಾಣುವುದು ಗಂಡನ ಅಂಗಿಯ ಬೆನ್ನು, ಎಷ್ಟು ಉಜ್ಜಿದರೂ ಹೋಗದೆ ಅದರಲ್ಲಿ ಉಳಿದ ಕಲೆ. ಮದುವೆಯಾಗಿ ನಲವತ್ತನಾಲ್ಕು ವರ್ಷ ಆ ಬೆನ್ನನ್ನು ನೋಡಿಕೊಂಡೇ ಮುಂಬೈ ಪಕ್ಕದ ಡೊಂಬಿವಲಿಯ ಮಾರ್ಕೆಟ್ಟು, ಡಾಕ್ಟರು, ಮದುವೆಯ ಛತ್ರ ಎಲ್ಲ ಮುಗಿಸಿದ್ದೇನೆ. ದೂರದ ಪ್ರಯಾಣಕ್ಕೆ ಯಾವ ಸ್ಕೂಟರು ಒಳ್ಳೆಯದು ಎಂದು ಮೊದಲಾದರೆ ಯಾರೂ ನನ್ನನ್ನು ಕೇಳುತ್ತಿರಲಿಲ್ಲ, ಕೇಳಿದ್ದರೆ ರೈಲು ಒಳ್ಳೆಯದು ಎನ್ನುತ್ತಿದ್ದೆ. ಈಗ ನನ್ನ ಹತ್ತಿರವೇ ಕೇಳುತ್ತಾರೆ. ನಾನು ಹೇಳಿದ್ದನ್ನು ನಂಬಿ ಕೊಂಡುಕೊಳ್ಳುತ್ತಾರೆ ಕೂಡ. ಇದು ಹೇಗಾಯಿತು ಎಂದು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ನಮ್ಮವರು ಠಾಣೆಯ ನೌಪಾಡಾದ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಆಯುಷ್ಯ ಕಳೆದವರು. ಬೆಳಿಗ್ಗೆ ಲೋಕಲ್ಲಿನಲ್ಲಿ ನಿಂತು ಹೋಗುವುದು, ರಾತ್ರಿ ನಿಂತೇ ಬರುವುದು. ಆಗ ಅವರಿಗೆ ಮಾತಾಡಲು ಸಮಯವೇ ಇರಲಿಲ್ಲ, ನಮ್ಮ ಸಂಸಾರ ಚೆನ್ನಾಗಿತ್ತು. ಗಂಡಸರು ರಿಟೈರ್ ಆದ ಕೂಡಲೇ ಅವರಿಗೆ ಒಂದು ಬೆಂಚು ಸಿಗುತ್ತದೆ. ನಮ್ಮ ಬಿಲ್ಡಿಂಗಿನ ಕೆಳಗೂ ಒಂದಿದೆ. ಒಂದು ದಿನ ಅಲ್ಲಿ ಮೂರನೇ ಮಾಳಿಗೆಯ ಜೋಶಿಯವರು ತಾನು ನಾಶಿಕದವರೆಗೆ ಸ್ಕೂಟರಿನಲ್ಲಿ ಹೋಗಿಬಂದೆ ಎಂದರಂತೆ. ಅದಕ್ಕೆ ನಮ್ಮವರು, "ನಾಶಿಕ ಯಾವ ದೂರ? ನಾನು ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಊರಿಗೇ ಹೋಗುವವನಿದ್ದೇನೆ" ಎಂದುಬಿಟ್ಟರಂತೆ. ಊರೆಂದರೆ ಬ್ರಹ್ಮಾವರದ ಹತ್ತಿರ, ಎಂಟುನೂರು ಕಿಲೋಮೀಟರಿಗಿಂತ ಮೇಲೆ. ನನ್ನನ್ನು ಹಿಂದೆ ಕೂರಿಸಿದ ಸುದ್ದಿ ನನಗೆ ಲಿಫ್ಟಿನಲ್ಲಿ ತಿಳಿಯಿತು. ಜೋಶಿಯವರ ಹೆಂಡತಿ ನನ್ನ ಮೊಣಕಾಲನ್ನೇ ನೋಡುತ್ತಾ, "ಕಾಯ್ ಕಾಕೂ, ಗಾವಾಲಾ ಸ್ಕೂಟರ್‌ನೇ ಜಾಣಾರ್?" ಊರಿಗೆ ಸ್ಕೂಟರಿನಲ್ಲೇ ಹೋಗುವುದಂತೆ, ಹೌದಾ ಎಂದು ಕೇಳಿದಳು.

ಮನೆಗೆ ಬಂದು ವಿಚಾರಿಸಿದೆ. "ಹೌದಪ್ಪ, ಹೋಗುವ ಅಂತ. ಹಳೇ ಗಾಡಿ ಸಾಕಾಗ್ಲಿಕ್ಕಿಲ್ಲ, ದೊಡ್ಡದೊಂದು ತಗೊಳ್ಳುವ" ಎಂದರು, ಪೇಪರು ಕೆಳಗಿಳಿಸದೆ. ನಾನು ಒಲ್ಲೆ ಎನ್ನಬಹುದಿತ್ತು. ಎಂದಿದ್ದರೆ ಮರುದಿನ ಬೆಂಚಿನ ಮೇಲೆ 'ನಾನು ತಯಾರು, ನಮ್ಮವಳು ಹೆದರಿದಳು' ಎಂದಾಗುತ್ತಿತ್ತು. ಆ ಹೆಸರು ನನಗೆ ಬೇಡ. ಹಾಗಾಗಿ ಪ್ರಯಾಣಕ್ಕೆ ಹೂಂ ಎನ್ನುವುದು, ಸ್ಕೂಟರಿಗೆ ಮಾತ್ರ ಉಹೂಂ ಎನ್ನುವುದು ಎಂದು ತೀರ್ಮಾನಿಸಿದೆ. ತಪ್ಪು ಹುಡುಕುವುದಕ್ಕೆ ನನಗೆ ಯಾರೂ ಕಲಿಸಬೇಕಾಗಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಸುತ್ತಿ ಬಳಸಿ ಹೇಳುವುದು ಐದನೇ ಕ್ಲಾಸಿನ ನಂತರದ ಪಾಠವಿರಬೇಕು.

ನಮ್ಮ ಜೊತೆ ಮೊಮ್ಮಗಳು ಶ್ರೇಯಾ ಇದ್ದಾಳೆ. ಐರೋಲಿಯಲ್ಲಿ ಆಫೀಸು. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ, ಬೈದರೆ ಮಾತ್ರ ಪೂರ್ತಿ ಅರ್ಥವಾಗುತ್ತದೆ. ಅವಳು ಮೊಬೈಲಿನಲ್ಲಿ ಎರಡು ದಿನ ಏನೇನೋ ನೋಡಿ, "ಅಜ್ಜಿ, ಇತನಾ ಲಂಬಾ ಜಾನಾ ಹೈ ತೋ ಮ್ಯಾಕ್ಸಿ ಹೀ ಚಾಹಿಯೇ" ಎಂದು, ಇಷ್ಟು ದೂರಕ್ಕೆ ಮ್ಯಾಕ್ಸಿಯೇ ಬೇಕೆಂದು ತೀರ್ಪು ಕೊಟ್ಟಳು. "ಮ್ಯಾಕ್ಸಿ ನನ್ನ ಹತ್ತಿರ ನಾಲ್ಕು ಉಂಟು. ಆದರೆ ದಾರಿಯಲ್ಲಿ ನಾನು ಸೀರೆಯೇ ಉಡುವುದು" ಎಂದೆ. ನಮ್ಮ ಕಡೆ ಮ್ಯಾಕ್ಸಿ ಎಂದರೆ ರಾತ್ರಿ ಹಾಕಿಕೊಳ್ಳುವ ಉದ್ದ ನಿಲುವಂಗಿ. ಹುಡುಗಿ ನಕ್ಕು ನಕ್ಕು ಸೋಫಾದಿಂದ ಜಾರಿದಳು. ದೊಡ್ಡ ಹೊಟ್ಟೆಯ, ಅಗಲ ಸೀಟಿನ, ಮುಂದೆ ಎತ್ತರದ ಗಾಜು ಇರುವ ಸ್ಕೂಟರಿಗೂ ಅದೇ ಹೆಸರಂತೆ.

ಮೊದಲು ಕಲ್ಯಾಣದಲ್ಲಿ ಒಂದು ಅಂಗಡಿಗೆ ಹೋದೆವು. ಅಲ್ಲಿಯ ಗಾಡಿಗೆ ಕಾಲಿಡುವ ಜಾಗದ ನಟ್ಟನಡುವೆ ಒಂದು ಗುಡ್ಡ. ನೋಡಲು ಚೆಂದ. ಆದರೆ ಸ್ಕೂಟರಿನ ಮುಂದೆ ಒಂದು ಚೀಲ ನಿಲ್ಲದಿದ್ದರೆ ಅದು ಯಾವ ಸ್ಕೂಟರು? "ತೆಂಗಿನಕಾಯಿ ಎಲ್ಲಿ ಇಡುವುದು?" ಎಂದು ಕೇಳಿದೆ. ಶ್ರೇಯಾ ಅದನ್ನು ಮರಾಠಿಯಲ್ಲಿ ಹೇಳಿದಳು. ಮಾರುವವನು ಟೈಯ ಗಂಟು ಸಡಿಲಿಸಿಕೊಂಡು ಇದು ಟೂರಿಂಗ್ ಗಾಡಿ, ತೆಂಗಿನಕಾಯಿಯದಲ್ಲ ಎಂದ. ನಮ್ಮ ಊರಿನಿಂದ ತೆಂಗಿನಕಾಯಿ ಇಲ್ಲದೆ ವಾಪಸು ಬಂದವರನ್ನು ಅವನು ನೋಡಿಲ್ಲ. ಎದ್ದು ಬಂದೆವು. ಠಾಣೆಯ ಅಂಗಡಿಯಲ್ಲಿ ಹಿಂದಿನ ಸೀಟು ಅಟ್ಟದಷ್ಟು ಎತ್ತರ. ನನ್ನನ್ನು ಹತ್ತಿಸಲು ಸ್ಟೂಲು ತಂದರು. ಒಂದೇ ಕಡೆಗೆ ಕಾಲು ಹಾಕಿ ಕೂತರೆ ಎರಡು ಪಾದವೂ ಗಾಳಿಯಲ್ಲಿ. ಎರಡೂ ಕಡೆ ಕಾಲು ಹಾಕಿ ಕೂರಿ ಆಜಿ ಎಂದ ಅಲ್ಲಿಯವನು. "ಮೊದಲು ನೀನು ಸೀರೆ ಉಟ್ಟು ಕೂತು ತೋರಿಸು, ಆಮೇಲೆ ನಾನು" ಎಂದೆ. ದಾರಿಯಲ್ಲಿ ಪ್ರತಿ ಊರಿನಲ್ಲೂ ಸ್ಟೂಲು ಸಿಗುತ್ತದೆಯೇ ಎಂದೂ ಕೇಳಿದೆ. ನಮ್ಮವರು ಏನೂ ಬೇಸರವಿಲ್ಲದೆ, "ಇದು ಆಗ್ಲಿಕ್ಕಿಲ್ಲ ಬಿಡು" ಎಂದು ನನಗಿಂತ ಮೊದಲು ಬಾಗಿಲ ಹತ್ತಿರ ನಿಂತಿದ್ದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮೂರನೆಯದು ವಾಶಿಯಲ್ಲಿ. ಅಲ್ಲಿ ನಾನು ಎದುರಿನ ಗಾಜಿನ ಬಾಗಿಲಿಗೆ ಹೋಗಲೇ ಇಲ್ಲ, ನೇರವಾಗಿ ಹಿಂಭಾಗದ ರಿಪೇರಿ ಶೆಡ್ಡಿಗೆ ಹೋದೆ. ಹೋಟೆಲಿನವನ ಹೆಂಡತಿಗೆ ಇಷ್ಟು ಗೊತ್ತಿರುತ್ತದೆ: ಹೋಟೆಲು ಹೇಗೆ ಎಂದು ತಿಳಿಯಲು ಬೋರ್ಡು ನೋಡುವುದಿಲ್ಲ, ಪಾತ್ರೆ ತೊಳೆಯುವ ಮೋರಿ ನೋಡುತ್ತೇವೆ. ಸ್ಕೂಟರಿಗೂ ಅದೇ ಸರಿ. ಹೊಟ್ಟೆ ಬಗೆದು ಮಲಗಿಸಿದ ಗಾಡಿಗಳು ಎಷ್ಟಿವೆ, ಯಾವ ಜಾತಿಯವು ಎಂದು ಲೆಕ್ಕ ಹಾಕಿಕೊಂಡೆ. ನಾವು ನೋಡಲು ಬಂದ ಜಾತಿಯದು ಒಂದೇ ಒಂದಿತ್ತು. ಅದರ ಯಜಮಾನ, ತಲೆ ನರೆತ ಮನುಷ್ಯ, ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದ. ಏನಾಗಿದೆ ಎಂದು ಕೇಳಿದೆ. "ಕುಛ್ ನಹೀ ಹುವಾ ಮಾವಶಿ. ಗೋವಾ ಹೋಗಿಬಂದೆ, ಆಯಿಲ್ ಬದಲಿಸಲು ತಂದದ್ದು. ಇದು ಕೆಡುವುದಿಲ್ಲ, ನಾನೇ ಮೊದಲು ಕೆಡುತ್ತೇನೆ" ಎಂದ ಆ ಪುಣ್ಯಾತ್ಮ. ಒಳಗೆ ಹೋಗಿ ಕೂತೆ. ಸೀಟು ನಮ್ಮ ಮನೆಯ ಸೋಫಾಕ್ಕಿಂತ ಮೆತ್ತಗೆ. ಬೆನ್ನಿಗೆ ಒರಗು. ಒಂದೇ ಕಡೆ ಕಾಲು ಇಡಲು ಅಗಲವಾದ ಮೆಟ್ಟಲು. ಮುಂದೆ ಸಪಾಟು ಜಾಗ, ತೆಂಗಿನಕಾಯಿ ಎಷ್ಟು ಬೇಕಾದರೂ ಇಡಬಹುದು. ಮಾರುವವಳು ಒಬ್ಬ ಹುಡುಗಿ, ಸೀಟು ಎತ್ತಿ, "ಬಘಾ ಆಜಿ, ಕಿತೀ ಮೋಠೀ ಡಿಕ್ಕಿ!" ಎಷ್ಟು ದೊಡ್ಡ ಡಿಕ್ಕಿ ನೋಡಿ ಎಂದು ಎರಡು ಹೆಲ್ಮೆಟ್ಟುಗಳನ್ನು ಒಳಗೆ ಇಳಿಸಿ ಮುಚ್ಚಿ ತೋರಿಸಿದಳು.

ನಮ್ಮವರು ನನ್ನ ಮುಖ ನೋಡಿದರು. ನಾನು ಸೀಟಿನ ಮೇಲೆ ಎಡಕ್ಕೆ ಬಲಕ್ಕೆ ಸರಿದೆ, ಒರಗಿದೆ, ಕಾಲು ಕುಣಿಸಿದೆ. ಒಂದು ತಪ್ಪೂ ಸಿಗಲಿಲ್ಲ. ಬಣ್ಣ ಸರಿಯಿಲ್ಲ ಎನ್ನಬಹುದಿತ್ತು, ಆದರೆ ಬಣ್ಣವೂ ಚೆನ್ನಾಗಿತ್ತು. "ಇದು ಸರಿ ಉಂಟು" ಎಂದೆ.

ಅವರ ಮುಖ ಹಳೆಯ ಇಡ್ಲಿಯ ಹಾಗಾಯಿತು. "ಇನ್ನೊಮ್ಮೆ ಕೂತು ನೋಡು. ನಿನ್ನ ಸೊಂಟ..." ಎಂದರು. ನನ್ನ ಸೊಂಟದ ಬಗ್ಗೆ ಅವರು ಮಾತಾಡಿದ್ದು ಅದೇ ಮೊದಲು. ಅಷ್ಟರಲ್ಲಿ ಶ್ರೇಯಾ ನಮ್ಮಿಬ್ಬರ ಫೋಟೋ ತೆಗೆದು ಬಿಲ್ಡಿಂಗಿನ ಗ್ರೂಪಿಗೆ ಹಾಕಿಯಾಗಿತ್ತು, ಜೋಶಿಯವರು ಹೆಬ್ಬೆರಳು ಎತ್ತಿಯೂ ಆಗಿತ್ತು. ಸ್ಕೂಟರು ಬುಕ್ಕಾಯಿತು.

ಅದೇ ಸಂಜೆ ಊರಿನಲ್ಲಿರುವ ತಂಗಿ ಸರಸುವಿಗೆ ಫೋನು ಮಾಡಿದೆ. ನಮ್ಮ ಮನೆಯಲ್ಲಿ ಅಡುಗೆಮನೆಯ ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಮಾತ್ರ ಮಾತು ಕೇಳಿಸುವುದು, ಅದೂ ತುಂಡು ತುಂಡಾಗಿ. ನಾನು ಕೂಗಿ ಹೇಳಿದೆ: "ಸರಸೂ, ಸ್ಕೂಟರಿಗೆ ಎಂಥ ದೊಡ್ಡ ಡಿಕ್ಕಿ ಅಂತಿ! ಇಷ್ಟು ದೊಡ್ಡ ಡಿಕ್ಕಿ ನಾನು ಜನ್ಮದಲ್ಲಿ ನೋಡ್ಲಿಲ್ಲ. ಎರಡು ಹೆಲ್ಮೆಟ್ಟೂ ಪೂರಾ ಒಳಗೆ ಹೋಯ್ತು ಮಾರಾಯ್ತಿ!" ಆ ಕಡೆಯಿಂದ ಒಂದು ಕಿರುಚಾಟ ಕೇಳಿತು, ಲೈನು ಕಡಿಯಿತು. ಅವಳಿಗೆ ಸಂತೋಷವಾಯಿತು ಎಂದು ನಾನು ತೊವ್ವೆಗೆ ಒಗ್ಗರಣೆ ಹಾಕಲು ಹೋದೆ.

ಊರಿನಲ್ಲೂ ಕಾರಿಗೆ ಡಿಕ್ಕಿ ಇರುತ್ತದೆ. ಆದರೆ ಸ್ಕೂಟರಿಗೆ ಡಿಕ್ಕಿ ಎಂದರೆ ಅಲ್ಲಿ ಒಂದೇ ಅರ್ಥ, ಹಿಂದಿನಿಂದ ಲಾರಿ ಬಂದದ್ದು. ಅರ್ಧ ಗಂಟೆಯೊಳಗೆ ಮಂಗಳೂರಿನಿಂದ, ಕುಂದಾಪುರದಿಂದ, ಯಾರೆಂದು ನನಗೇ ನೆನಪಿಲ್ಲದವರಿಂದ ಫೋನು. ಕೊನೆಗೆ ಸರಸುವೇ ಸಿಕ್ಕಿದಳು. "ಅಕ್ಕಾ, ನೀನೇನಾ ಮಾತಾಡುದು? ತಲೆ ಉಂಟಾ?" ಎಂದು ಗೊಳೋ ಎಂದಳು. "ತಲೆ ಉಂಟು, ನಿನಗೆ ಇಲ್ಲ. ಡಿಕ್ಕಿ ಅಂದ್ರೆ ಸಾಮಾನು ಇಡುವ ಪೆಟ್ಟಿಗೆ. ನಾವು ಆ ಸ್ಕೂಟರಿನಲ್ಲಿ ಊರಿಗೆ ಬರುವವರು" ಎಂದು ಬೈದೆ. ಅವಳು ಕಣ್ಣೀರು ಒರೆಸಿಕೊಂಡು, ಸತ್ತ ಸುದ್ದಿ ಯಾರಿಗೆಲ್ಲ ಹೇಳಿದ್ದಳೋ ಅವರಿಗೆಲ್ಲ ಮತ್ತೆ ಫೋನು ಮಾಡಿ, ಸತ್ತಿಲ್ಲ, ಭಾವ ಅಕ್ಕನನ್ನು ಹಿಂದೆ ಕೂರಿಸಿಕೊಂಡು ಮುಂಬೈಯಿಂದ ಸ್ಕೂಟರಿನಲ್ಲೇ ಬರುತ್ತಿದ್ದಾರೆ ಎಂದು ತಿದ್ದಿದಳು. ಇಷ್ಟು ದಿನ ಒಂದು ಬೆಂಚಿಗೆ ಮಾತ್ರ ಗೊತ್ತಿದ್ದದ್ದು ಈಗ ಇಡೀ ಊರಿಗೆ ಗೊತ್ತಾಯಿತು.

ಆ ದಿನ ನಮ್ಮವರು ಊಟದಲ್ಲಿ ಮಜ್ಜಿಗೆಗೇ ಬರಲಿಲ್ಲ. "ಎಂತ ಆಯ್ತು ನಿಮಗೆ?" ಎಂದೆ. "ನನ್ನಿಂದ ಆಗುದಿಲ್ಲ ಮಾರಾಯ್ತಿ" ಎಂದರು ತಟ್ಟೆ ನೋಡುತ್ತಾ. "ಇಲ್ಲೇ ಶೀಳ್ ಫಾಟಾದ ಸರ್ಕಲು ದಾಟುವಾಗಲೇ ಟ್ರೇಲರು ಕಂಡ್ರೆ ನಾನು ಗಾಡಿ ಬದಿಗೆ ನಿಲ್ಲಿಸ್ತೇನೆ. ನೀನು ಒಂದಲ್ಲ ಒಂದು ಕೊರತೆ ಹೇಳ್ತಿ ಅಂತ ಧೈರ್ಯದಲ್ಲಿದ್ದೆ. ನಲವತ್ತನಾಲ್ಕು ವರ್ಷದಲ್ಲಿ ನೀನು ಯಾವುದಕ್ಕಾದ್ರೂ ಸರಿ ಉಂಟು ಅಂದದ್ದುಂಟಾ? ಇದೊಂದಕ್ಕೇ ಹೇಳ್ಬೇಕಿತ್ತಾ?"

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾನೂ ಅದೇ ಆಟ ಆಡಿದವಳು. ಒಂದೇ ಗಾಡಿಯನ್ನು ಇಬ್ಬರೂ ಹಿಂದಕ್ಕೆ ತಳ್ಳುತ್ತಾ ಅದನ್ನು ಮನೆಗೇ ತಂದುಕೊಂಡಿದ್ದೆವು. ಅವರ ಮುಖ ನೋಡಿದೆ. ಹೆದರಿಕೆ ಎಂದು ಸುಮ್ಮನೆ ಒಪ್ಪಿಕೊಂಡುಬಿಡಿ ಎಂದರೆ ಮರುದಿನದಿಂದ ಅವರು ಬೆಂಚಿಗೆ ಹೋಗುವುದಿಲ್ಲ, ಇಡೀ ದಿನ ಮನೆಯಲ್ಲಿ ಕೂರುತ್ತಾರೆ. ಅದು ನನಗೆ ಆಗದ ಮಾತು. "ಸ್ಟೇಷನ್ನಿನಲ್ಲಿ ಗೋಣಿಚೀಲ ಸುತ್ತಿದ ಮೋಟಾರುಸೈಕಲ್ಲು ನೋಡಿದ್ದೀರಲ್ಲ? ಸ್ಕೂಟರಿಗೂ ಗೋಣಿಚೀಲ ಆಗ್ತದೆ" ಎಂದೆ.

ಹೀಗೆ ಶ್ರೇಯಾ ಇಷ್ಟು ದಿನ ಮೊಬೈಲಿನಲ್ಲಿ ಹುಡುಕಿದ ಟೂರಿಂಗ್ ಸ್ಕೂಟರು, ಪೆಟ್ರೋಲು ಖಾಲಿ ಮಾಡಿಸಿಕೊಂಡು, ಕನ್ನಡಿಗೆ ಹುಲ್ಲು ಕಟ್ಟಿಸಿಕೊಂಡು, ಮೈತುಂಬ ಗೋಣಿ ಹೊದ್ದು ರೈಲಿನಲ್ಲಿ ಉಡುಪಿಗೆ ಪಾರ್ಸೆಲ್ ಹೋಯಿತು. ನಾವೂ ರೈಲಿನಲ್ಲೇ ಹೋದೆವು, ಮಲಗಿಕೊಂಡು. ಉಡುಪಿ ಸ್ಟೇಷನ್ನಿನಲ್ಲಿ ಗೋಣಿ ಬಿಚ್ಚಿಸಿ, ಪೆಟ್ರೋಲು ತರಿಸಿ, ಹೆಲ್ಮೆಟ್ಟು ಹಾಕಿಕೊಂಡು ಹೊರಟೆವು. ರಸ್ತೆಯ ಬದಿಯ ಕೆಂಪು ಮಣ್ಣಿನಲ್ಲಿ ನಮ್ಮವರು ಗಾಡಿಯನ್ನು ಎರಡು ಸಲ ಹಿಂದೆ ಮುಂದೆ ಓಡಿಸಿ ಚಕ್ರಕ್ಕೆ ಬಣ್ಣ ಹಿಡಿಸಿದರು. ಗಲ್ಲಾಪೆಟ್ಟಿಗೆಯ ಹಿಂದೆ ಇಷ್ಟು ಬುದ್ಧಿ ಕೂತಿತ್ತು ಎಂದು ನನಗೆ ಗೊತ್ತಿರಲಿಲ್ಲ.

ಸರಸುವಿನ ಅಂಗಳದಲ್ಲಿ ಮೂವತ್ತು ಜನ ನಿಂತಿದ್ದರು. ಒಬ್ಬಳು ಆರತಿಯ ತಟ್ಟೆಯನ್ನೇ ಹಿಡಿದಿದ್ದಳು. "ಇದೆಂತ, ಮುಂಬೈ ಬಡಗಕ್ಕೆ ಅಲ್ವಾ, ನೀವು ತೆಂಕಿನಿಂದ ಬಂದ್ರಲ್ಲ?" ಎಂದು ಸರಸು ಕೇಳಿದಳು. "ಉಡುಪಿಯಲ್ಲಿ ಸ್ವಲ್ಪ ಕೆಲಸ ಇತ್ತು" ಎಂದೆ. "ಸೊಂಟ ಉಂಟಾ ಅಕ್ಕ?" "ಉಂಟು. ಸೀಟು ಮೆತ್ತಗಿದೆ, ಒಂದು ಚೂರೂ ನೋಯಲಿಲ್ಲ." "ದಾರಿಯಲ್ಲಿ ಎಲ್ಲಾದ್ರೂ ಕೈಕೊಟ್ಟಿತಾ?" "ಎಲ್ಲಿಯೂ ಇಲ್ಲ." ಸರಸುವಿನ ಗಂಡ ಸ್ಕೂಟರಿನ ಸುತ್ತ ಮೂರು ಸುತ್ತು ಬಂದು, "ಅತ್ತಿಗೆ, ಪೆಟ್ರೋಲು ಎಷ್ಟು ಕುಡೀತು?" ಎಂದರು. "ಹೇಳಿದ್ರೆ ನೀವು ನಂಬುದಿಲ್ಲ" ಎಂದೆ. ಒಂದೇ ಒಂದು ಸುಳ್ಳು ಹೇಳಲಿಲ್ಲ ನಾನು. ಬೇಕಾದರೆ ಮತ್ತೆ ಓದಿ ನೋಡಿ. ನಮ್ಮವರು ಪಕ್ಕದಲ್ಲಿ ನಿಂತು ಹೆಲ್ಮೆಟ್ಟು ಒರೆಸುತ್ತಲೇ ಇದ್ದರು.

ಹೋದಂತೆಯೇ ರೈಲಿನಲ್ಲಿ ವಾಪಸು ಬಂದು ತಿಂಗಳಾಗಿರಲಿಲ್ಲ, ಸರಸುವಿನ ಫೋನು. ಅವಳ ಗಂಡ ಅದೇ ಸ್ಕೂಟರು ಬುಕ್ ಮಾಡಿದ್ದಾರೆ, ಅವಳನ್ನು ಹಿಂದೆ ಕೂರಿಸಿಕೊಂಡು ಮುಂಬೈಗೆ ಹೊರಡುವವರಿದ್ದಾರೆ, ಊರಿಗೆಲ್ಲ ಹೇಳಿಯೂ ಆಗಿದೆ. "ಅತ್ತಿಗೆ ಸರಿ ಉಂಟು ಅಂದ್ರೆ ಅದು ಸರಿಯೇ ಅಂತ ಇವರು ಬೇರೆ ಯಾವುದನ್ನೂ ನೋಡ್ಲೇ ಇಲ್ಲ" ಎಂದಳು. ಅವಳಿಗೆ ಬೆನ್ನುಮೂಳೆಯ ನೋವು. ಅವಳ ಗಂಡನಿಗೆ ಎಡಗಣ್ಣು ಮಂಜು. ಎರಡು ದಿನ ನಾನು ಯಾವ ಸಾರಿಗೂ ಉಪ್ಪು ಸರಿ ಹಾಕಲಿಲ್ಲ. ಮೂರನೆಯ ದಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಅವಳಿಗೆ ಫೋನು ಮಾಡಿದೆ. ರೈಲು, ಗೋಣಿಚೀಲ, ಹುಲ್ಲು, ಕೆಂಪು ಮಣ್ಣು ಎಲ್ಲ ಹೇಳಿದೆ. ಮನೆತನದ ಮರ್ಯಾದೆ, ಆರತಿ ಎತ್ತಿದ್ದು, ಮೂವತ್ತು ಜನರಿಗೆ ಪಾಯಸ ಮಾಡಿದ್ದು ಎಲ್ಲ ತೆಗೆದು ಬೈಯುತ್ತಾಳೆ ಎಂದು ಕಿವಿ ಗಟ್ಟಿ ಮಾಡಿಕೊಂಡು ನಿಂತೆ.

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ ಸರಸು, ಗಂಡನಿಗೆ ಕೇಳಬಾರದು ಎನ್ನುವಷ್ಟು ಮೆಲ್ಲಗೆ, "ಅಕ್ಕ, ಆ ಗೋಣಿ ಸುತ್ತುವವರು ಉಡುಪಿಯಲ್ಲಿಯೂ ಇರ್ತಾರಾ?" ಎಂದು ಕೇಳಿದಳು.

ಇರುತ್ತಾರೆ ಎಂದೆ. ಪೆಟ್ರೋಲು ಮಾತ್ರ ಪೂರ್ತಿ ಖಾಲಿ ಮಾಡಿಯೇ ಕೊಡಬೇಕು ಎಂದೂ, ನನ್ನ ಸ್ವಭಾವದಂತೆ, ನೇರವಾಗಿಯೇ ಹೇಳಿದೆ.