ನೂರಾ ಹನ್ನೆರಡನೇ ಸಮಾಧಿ

ಹೆಸರಿನಲ್ಲಿ ಒಂದು ಚುಕ್ಕಿ ಹೆಚ್ಚುಕಮ್ಮಿಯಾದರೂ ಸ್ಮಶಾನದ ಕಚೇರಿಯ ಕಂಪ್ಯೂಟರು ಸತ್ತವರನ್ನು ಹುಡುಕಿಕೊಡುತ್ತಿರಲಿಲ್ಲ. ಬೇಸತ್ತ ಹಂಗಾಮಿ ಗುಮಾಸ್ತ ಒಂದೇ ಸಾಲಿನ ಪ್ರೋಗ್ರಾಮು ಬರೆದ: ಅಕ್ಷರ, ಅಂಕಿ ಬಿಟ್ಟು ಮಿಕ್ಕ ಚಿಹ್ನೆಗಳನ್ನೆಲ್ಲ ಅಳಿಸು. ಬೆಳಿಗ್ಗೆ ಬಂದವನೇ ಗುಂಡಿ ಒತ್ತಿದ. ಇಡೀ ದಾಖಲೆ ಬೋಳಾಯಿತು. ನೆಗಡಿ ಬಂತೆಂದು ಮೂಗು ಕೊಯ್ದಿದ್ದು ಅವನಿಗೆ ಆಗ ಹೊಳೆಯಲಿಲ್ಲ.

ಮೊದಲು ಬಂದವಳು ಹೂವಿನ ಬುಟ್ಟಿ ಹಿಡಿದ ಮುದುಕಿ. ಗಂಡನ ಸಮಾಧಿಗೆ ಇವತ್ತು ಕಲ್ಲು ಹಾಕಿಸಲು ಒಪ್ಪಿಗೆ ಬೇಕಿತ್ತು; ಕಲ್ಲುಕುಟಿಗನಿಗೂ ಹೇಳಿ ಬಂದಿದ್ದಳು. ಗುಮಾಸ್ತ ಹೆಸರು ಒತ್ತಿದ್ದೇ ತಡ, 112 ಬಂತು. ಹನ್ನೊಂದನೇ ಸಾಲಿನಲ್ಲಿ ಎರಡನೆಯದು ಎಂದು ಹೆಮ್ಮೆಯಿಂದ ಕೈ ತೋರಿಸಿದ. ಅವಳು ಅವನನ್ನೊಮ್ಮೆ ನೋಡಿ, ಸುಮ್ಮನೆ ಆ ಕಡೆ ನಡೆದಳು.

ಸ್ವಲ್ಪ ಹೊತ್ತಿಗೆ ಮಾಲಿ ಬಂದ. ಬದುಕಿದ್ದವರ ವಿಷಯದಲ್ಲೂ ಸತ್ತವರ ವಿಷಯದಲ್ಲೂ ಮೂಗು ತೂರಿಸುವವನು.

"ಅಜ್ಜಿ ಯಾಕೆ ಆ ದಿಕ್ಕಿಲ್ಲದ ಗಡಿಯಾರ ರಿಪೇರಿಯವನ ಸಮಾಧಿ ಮುಂದೆ ಅಳ್ತಿದಾರೆ? ಅವರ ಯಜಮಾನರು ಇರೋದು ಒಂದನೇ ಸಾಲಲ್ಲಿ, ಹನ್ನೆರಡನೇದು."

ಗುಮಾಸ್ತ ಎರಡನ್ನೂ ಚೀಟಿಯ ಮೇಲೆ ಬರೆದು ನೋಡಿದ. 1-12, 11-2. ನಡುವಿನ ಗೆರೆ ಹೋದ ಮೇಲೆ ಎರಡೂ 112. ಒಂದು ದೂರು ಹೋದರೆ ಕೆಲಸ ಹೋದಂತೆಯೇ. ಅದಕ್ಕಿಂತ, ಪಾಪದ ಹೆಂಗಸನ್ನು ಯಾರದೋ ಸಮಾಧಿಯ ಮುಂದೆ ಅಳಿಸಿದೆನಲ್ಲ ಎಂಬುದೇ ಅವನನ್ನು ಹೆಚ್ಚು ಕಾಡಿತು. ಹೋಗಿ ಹೇಳುತ್ತೇನೆಂದರೆ ಮಾಲಿ ಬಿಡಲಿಲ್ಲ. ಅತ್ತು ಹಗುರಾದವರನ್ನು ಮತ್ತೆ ಅಳಿಸುವುದೇ? ದಿಬ್ಬಗಳೆಲ್ಲ ಒಂದೇ ಥರ, ತಲೆಯ ಕಡೆ ನೆಟ್ಟ ತಗಡಿನ ನಂಬರು ಬದಲಿಸಿದರೆ ಅವರು ಅತ್ತದ್ದೇ ಯಜಮಾನರ ಸಮಾಧಿಯಾಗುತ್ತದೆ, ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ ಎಂದ.

ಮುದುಕಿ ಊಟಕ್ಕೆ ಹೋದಾಗ ಇಬ್ಬರೂ ತಲೆತಗ್ಗಿಸಿಕೊಂಡು ಹೋಗಿ ಎರಡು ತಗಡುಗಳನ್ನು ಅದಲುಬದಲು ನೆಟ್ಟು ಬಂದರು.

ಸಂಜೆ ಅವಳು ಮರಳಿದಳು. ಸಮಾಧಾನವಾಯಿತೇ ಎಂದು ಗುಮಾಸ್ತ ಮೆಲ್ಲಗೆ ಕೇಳಿದ.

"ಆಯ್ತಪ್ಪ. ನೀನು ತೋರಿಸಿದ್ದು ಬೇರೆ ಯಾರದೋ. ನನ್ನ ಗಂಡ ಎಲ್ಲಿ ಮಲಗಿದಾರೆ ಅಂತ ನಂಗೆ ಗೊತ್ತಿಲ್ವಾ? ನೀನು ಅಷ್ಟು ಖುಷಿಯಾಗಿ ತೋರಿಸಿದೆ, ಅಲ್ಲ ಅನ್ನೋಕೆ ಮನಸ್ಸು ಬರಲಿಲ್ಲ. ಅಲ್ಲಿ ಒಂದು ಹೂವೂ ಇರಲಿಲ್ಲ, ನೋಡಿ ಅಳು ಬಂತು. ಅರ್ಧ ಹೂವು ಅವನಿಗೇ ಇಟ್ಟೆ, ಉಳಿದದ್ದು ನಮ್ಮವರಿಗೆ ಇಟ್ಟು ಊಟಕ್ಕೆ ಹೋದೆ."

ಗುಮಾಸ್ತ ತಗಡಿನ ಮಾತು ಎತ್ತಬೇಕೆನ್ನುವಷ್ಟರಲ್ಲಿ ಕಲ್ಲುಕುಟಿಗ ಕೈಗಂಟಿದ ಸಿಮೆಂಟು ಒರೆಸಿಕೊಳ್ಳುತ್ತ ಒಳಗೆ ಬಂದ.

"ನೀವು ಬರೆದುಕೊಟ್ಟ 1-12 ಒಂದನೇ ಸಾಲಲ್ಲಿ ಇರಲೇ ಇಲ್ಲಮ್ಮ. ಹುಡುಕಿ ಹುಡುಕಿ ಆ ನಂಬರಿನ ತಗಡು ಹನ್ನೊಂದನೇ ಸಾಲಲ್ಲಿ ಸಿಕ್ತು. ಕಲ್ಲು ಅಲ್ಲೇ ಭದ್ರವಾಗಿ ಕೂರಿಸಿದೀನಿ, ಇನ್ನು ನೂರು ವರ್ಷ ಅಲ್ಲಾಡಲ್ಲ."

ಮೂಲೆಯಲ್ಲಿ ನಿಂತಿದ್ದ ಮಾಲಿ ನೀರಿನ ಕ್ಯಾನು ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ಜಾರಿಕೊಂಡ. ಮುದುಕಿ ಗುಮಾಸ್ತನ ಮುಖವನ್ನೇ ನೋಡುತ್ತಿದ್ದಳು.