ಬೇವಿನ ಮರಕ್ಕೆ ಹುಷಾರಿಲ್ಲ

ಮರಕ್ಕೆ ಹುಷಾರಿಲ್ಲ ಎಂದು ರಾಜರತ್ನ ಹೆಂಡತಿಗೆ ಫೋನಿನಲ್ಲಿ ಹೇಳಿದ್ದು ಶುದ್ಧ ಸುಳ್ಳು. ಬಿ.ಎಸ್ಸಿ. ಓದಿ, ವಾಡಿಯ ಸಿಮೆಂಟ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಸುಣ್ಣಕಲ್ಲಿನ ಪುಡಿಯನ್ನು ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಾಗದಂತೆ ತೂಗುವ ಮನುಷ್ಯ ಸುಲಭಕ್ಕೆ ಸುಳ್ಳು ಹೇಳುವವನಲ್ಲ. ಆದರೆ ‘ನೀನಿಲ್ಲದೆ ಮನೆಯಲ್ಲಿ ಇರಲಾಗುತ್ತಿಲ್ಲ, ಬಾ’ ಎಂಬ ಸತ್ಯವನ್ನು ಸ್ವಂತ ಹೆಂಡತಿಗೆ ತಿಳಿಸುವ ವಿಧಾನ ಅವನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

ಮಗಳು ಲುಂಬಿನಿಗೆ ಕುಮಟಾದ ಕಡೆ ನರ್ಸ್ ಕೆಲಸ ಸಿಕ್ಕಿತ್ತು. ಒಲೆ ಹೂಡಿ, ಡಬ್ಬಿ ಜೋಡಿಸಿ ಎಂಟು ದಿನಕ್ಕೆ ಬರುತ್ತೇನೆಂದು ಅವಳ ಜೊತೆ ಹೋದ ಭಾಗ್ಯ, ಚಳಿ ಕಳೆದು ಬಿಸಿಲು ಬಂದರೂ ಶಹಾಬಾದಿನ ಮನೆಗೆ ಬಂದಿರಲಿಲ್ಲ. ಬಾಗಿಲ ಹಿಂದಿನ ಮೊಳೆಯಲ್ಲಿ ಅವಳು ಮರೆತು ಹೋದ ನೀಲಿ ಹೂವಿನ ಛತ್ರಿ ನೇತಾಡುತ್ತಿತ್ತು. ‘ನನ್ನ ಛತ್ರಿ ಅಲ್ಲೇನರ ಅದ ಏನ್ರಿ? ಯಾರ ಕೈಲಾದ್ರೂ ಕಳಸ್ರಿ’ ಎಂದು ಅವಳು ಕೇಳಿದ್ದಳು. ರಾಜರತ್ನ ಛತ್ರಿಯನ್ನೇ ನೋಡುತ್ತ, ‘ಎಲ್ಲೂ ಕಾಣವಲ್ದು’ ಎಂದಿದ್ದ. (ಇದು ಮೊದಲನೆಯ ಸುಳ್ಳು. ಮರದ್ದು ಎರಡನೆಯದು.) ಬಾಗಿಲು ತೆಗೆದಾಗ ಅದೊಂದಾದರೂ ಅಲುಗಾಡಿ ಮಾತಾಡಿಸುತ್ತಿತ್ತು, ಅದನ್ನೂ ಕಳಿಸಿಬಿಟ್ಟರೆ?

ಅಂಗಳದಲ್ಲಿ ಬೇವಿನ ಮರ, ಸುತ್ತ ಫರಸಿಯ, ಅಂದರೆ ಹಾಸುಗಲ್ಲಿನ, ಕಟ್ಟೆ. ಸಂಜೆ ಗಂಡ ಹೆಂಡತಿ ಅಲ್ಲಿ ಕೂತು ಚಹಾ ಕುಡಿಯುವುದು ವಾಡಿಕೆ. ಭಾಗ್ಯ ಮೂಡಲ ಬದಿಗೆ, ಮರಕ್ಕೆ ಬೆನ್ನು ಕೊಟ್ಟು. ಅವಳು ಕೂತು ಕೂತು ಕಲ್ಲು ಅಷ್ಟು ಜಾಗದಲ್ಲಿ ನುಣುಪಾಗಿತ್ತು. ಈಗ ರಾಜರತ್ನ ಒಬ್ಬನೇ ತನ್ನ ಬದಿಗೆ ಕೂರುತ್ತಿದ್ದ. ಆ ನುಣುಪಿನ ಮೇಲೆ ತಟ್ಟೆ ಕೂಡ ಇಡುತ್ತಿರಲಿಲ್ಲ.

ಅತ್ತ ಭಾಗ್ಯಳ ಮಾತೆಲ್ಲ ಮರಗಳದೇ.

‘ಇಲ್ಲಿ ಮನಿ ಸುತ್ತ ಎಲ್ಲಾ ಹಳೇ ಗಿಡ ರೀ. ಮಾವು ಅದ, ಹಲಸು ಅದ. ಮಳಿಗಾಳಿ ಬರೋಕಿಂತ ಮೊದಲ ಮನಿ ಮಾಲಕರು ಒಂದೊಂದು ಗಿಡಾನೂ ಡಾಕ್ಟರ್ ಪೇಶೆಂಟ್ ನೋಡಿದಂಗ ನೋಡ್ತಾರ.’

ಆ ಪೇಶೆಂಟು ಎಂಬ ಮಾತೇ ರಾಜರತ್ನನ ತಲೆಯಲ್ಲಿ ದೀಪ ಹಚ್ಚಿತು.

‘ನಮ್ಮ ಗಿಡಕ್ಕೂ ಆರಾಮಿಲ್ಲ’ ಎಂದ.

‘ಯವ್ವಾ! ಏನಾಗೇದ?’

‘ಅಂಟು ಸೋರಾಕತ್ತದ.’

(ಬೇವಿನ ಮರದಲ್ಲಿ ಅಂಟು ಬರುವುದು ಮನುಷ್ಯನಿಗೆ ಬೆವರು ಬಂದಷ್ಟೇ ಸಹಜ. ಅವನಿಗೆ ಗೊತ್ತಿತ್ತು.)

ಅವಳು ‘ನಾಳೆನ ಹೊಂಟೆ’ ಎನ್ನುತ್ತಾಳೆಂದು ಅವನು ಕಿವಿ ನಿಮಿರಿಸಿದ. ಅವಳು ‘ಜರಾ ತಡೀರಿ’ ಎಂದು ಫೋನು ಕೆಳಗಿಟ್ಟು, ಮನೆ ಮಾಲೀಕರ ಬಳಿ ಹೋಗಿ, ಚಿಕಿತ್ಸೆಯ ಸಮೇತ ಮರಳಿದಳು.

‘ಗಿಡದ ಬುಡ ಬಯಲಿಗಿರಬೇಕಂತ. ಕಟ್ಟಿ ಕಿತ್ತಸ್ರಿ. ಮತ್ತ ಟೊಂಗಿ ಮೂರರಾಗ ಒಂದು ಪಾಲು ಸವರಸಬೇಕಂತ. ಇಲ್ಲಂದ್ರ ಗಾಳಿಗಿ ಹಡಗಿನ ಹಾಯಿ ಆದಂಗ ಆಗಿ ಗಿಡಾನ ಮಗುಚ್ತದಂತ.’

‘ಶಹಾಬಾದಕ್ಕ ಹಡಗ ಎಲ್ಲಿಂದ ಬರ್ತದ?’

‘ಗಾಳಿ ಬರ್ತದಿಲ್ಲ? ಹೋದ ವರ್ಷ ಬಾಜೂಮನಿ ದಸ್ತಗೀರಭಾಯಿ ತಗಡಿನ ಪತ್ರಾ ಹಾರಿ ನಮ್ಮ ಬಚ್ಚಲದಾಗ ಬಿದ್ದಿದ್ದಿಲ್ಲ? ನೀವ ಒಳಗಿದ್ರಿ!’

ಕರಾವಳಿಯಲ್ಲಿ ಗಾಳಿ ಹಸಿ, ಹಿಂದೆಯೇ ಮಳೆ. ಇಲ್ಲಿ ಏಪ್ರಿಲ್ಲಿನ ಬಿಸಿಲು ಕಲ್ಲಿನ ಗಣಿಯಿಂದ ಕಾದು ಎದ್ದು ಬರುತ್ತದೆ. ಈಗ ಎಲೆ ತೆಗೆದರೆ ಮರದ ತೊಗಟೆ ಸುಡುತ್ತದೆ. ಸವರುವುದಾದರೆ ಚಳಿಗಾಲದಲ್ಲಿ, ಅದೂ ಒಣಗಿದ್ದು, ಒಂದಕ್ಕೊಂದು ಉಜ್ಜುವ ಟೊಂಗೆ ಅಷ್ಟೇ. ಇದೆಲ್ಲ ರಾಜರತ್ನನಿಗೆ ಚೆನ್ನಾಗಿ ತಿಳಿದಿತ್ತು. ಆದರೆ ತಿಳಿದಿದ್ದನ್ನು ಹೇಳಿದರೆ ಮರ ಆರೋಗ್ಯವಾಗಿದೆ ಎಂದೂ ಹೇಳಬೇಕಾಗುತ್ತಿತ್ತು. ಮರದ ಪ್ರಾಣವೋ ತನ್ನ ಮಾನವೋ ಎಂಬ ಮಹಾಸಂಗ್ರಾಮದಲ್ಲಿ ಮಾನವು ಜಯಶಾಲಿಯಾಯಿತು.

ಪಕ್ಕದ ಮನೆಯ ದಸ್ತಗೀರ ಫರಸಿ ಹಾಸುವ ಕಸಬಿನವನು. ಶಹಾಬಾದಿನಲ್ಲಿ ಬರೀ ನೆಲ ಕಂಡರೆ ಜನಕ್ಕೆ ಬತ್ತಲೆ ಮೈ ಕಂಡಷ್ಟು ಸಂಕೋಚ. ಛಾವಣಿಗೆ ಫರಸಿ, ಗೋಡೆಗೆ ಫರಸಿ, ಅಂಗಳಕ್ಕೆ ಫರಸಿ. ಬೇವಿನ ಕಾಂಡಕ್ಕೆ ಅಂಟಿಸಿ ಕಟ್ಟೆ ಹಾಸಿದವನೂ ಅವನೇ. ಈಗ ಹಾರೆ ಹಿಡಿದು ಬಂದು ಮುಖ ಸಣ್ಣದು ಮಾಡಿದ.

‘ಸಾಹೇಬ್ರ, ಸೂಜಿ ಹೋಗಂಗಿಲ್ಲ ಅಂಥಾ ಕೆಲಸ ಅಂತ ನೀವ ಅಂದಿದ್ರಿ.’

‘ಸೂಜಿ ಹೋಗಂಗಿಲ್ಲ ಅಂದ್ರ ನೀರೂ ಹೋಗಂಗಿಲ್ಲ, ದಸ್ತಗೀರ.’

ನುಣುಪಾದ ಕಲ್ಲನ್ನು ಮಾತ್ರ ರಾಜರತ್ನ ತಾನೇ ಎತ್ತಿ ಗೋಡೆಗೆ ಒರಗಿಸಿಟ್ಟ. ಕಟ್ಟೆ ತೆಗೆದು ನೋಡಿದರೆ ಬುಡದ ತೊಗಟೆ ಮೆತ್ತಗಾಗಿತ್ತು. ಬೇರುಗಳು ಬಿಗಿ ಬೂಟಿನಲ್ಲಿ ಸಿಕ್ಕ ಬೆರಳಿನಂತೆ ಒಂದರ ಮೇಲೊಂದು ಹತ್ತಿದ್ದವು. ಮರಕ್ಕೆ ನಿಜವಾಗಿಯೇ ಹುಷಾರಿರಲಿಲ್ಲ! ಸುಳ್ಳು ನಿಜವಾದ ಸಂತೋಷಕ್ಕೂ, ಇಷ್ಟು ವರ್ಷ ಇದರ ಉಸಿರು ಕಟ್ಟಿಸಿ ಮೇಲೆ ಕೂತು ಚಹಾ ಕುಡಿದೆವಲ್ಲ ಎಂಬ ಸಂಕಟಕ್ಕೂ ನಡುವೆ ಅವನು ಬೇರಿನ ಮಣ್ಣು ಒರೆಸುತ್ತ ಕೂತ. ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ.

ದಸ್ತಗೀರ ಕೊಡಲಿ ಹಿಡಿದು ಮೇಲೇರಿದ. ರಾಜರತ್ನ ಕೆಳಗಿನಿಂದ ‘ಸ್ವಲ್ಪ, ಸ್ವಲ್ಪ’ ಎಂದು ಕೂಗುತ್ತಿದ್ದ. ಆದರೆ ಮೇಲಿದ್ದದ್ದು ಫರಸಿಯವನ ಕಣ್ಣು. ಅದಕ್ಕೆ ಎರಡು ಬದಿ ಸಮ ಬರಲೇಬೇಕು. ಎಡಕ್ಕೆ ಒಂದು ಕಡಿದ, ಬಲ ಭಾರವಾಯಿತು. ಬಲಕ್ಕೆ ಒಂದು ಕಡಿದ, ಎಡ ಚೂರು ಎದ್ದು ಕಂಡಿತು. ಹೀಗೆ ಸಮಾನತೆಯನ್ನು ಸ್ಥಾಪಿಸುತ್ತ ಸ್ಥಾಪಿಸುತ್ತ ಅವನು ಇಳಿದಾಗ, ಮರದ ನೆತ್ತಿಯಲ್ಲಿ ಒಂದು ಹಿಡಿ ಸೊಪ್ಪು ಉಳಿದಿತ್ತು.

‘ಈಗ ಗುಣಿಯಾ, ಮೂಲಿಮಟ್ಟ ಹಚ್ಚಿ ನೋಡ್ರಿ, ಒಂದು ನೂಲು ಫರಕ್ ಬರಂಗಿಲ್ಲ’ ಎಂದು ಹೆಮ್ಮೆಯಿಂದ ಹಣೆ ಒರೆಸಿಕೊಂಡ.

ಗೋಡೆಯಾಚೆ ಅದೇ ನೆರಳಿನಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅವನ ಹೆಂಡತಿ ರಶೀದಾಬೇಗಂ ಮೇಲೆ ಒಮ್ಮೆಗೇ ಬಿಸಿಲು ಬಿತ್ತು.

‘ಯಾ ಅಲ್ಲಾ! ಇದೇನ್ ಗಿಡಾನೋ ಲೈಟಿನ ಕಂಬಾನೋ? ಭಾಭಿ ಇಲ್ಲಂತ ಇಬ್ಬರೂ ಸೇರಿ ಗಿಡದ ತಲಿ ಬೋಳಿಸೀರಿ?’ ಎಂದು ಫೋಟೋ ತೆಗೆದು ಅಲ್ಲಿಂದಲೇ ಕುಮಟಾಕ್ಕೆ ರವಾನಿಸಿದಳು.

ಭಾಗ್ಯಳ ಫೋನು ಬಂತು. ಮೊದಲ ಪ್ರಶ್ನೆಯೇ:

‘ನಾ ಕುಂದ್ರೋ ಜಾಗ ಎಲ್ಲದ?’

‘ಅದು… ಬೇರಿಗಿ ಉಸಿರಾಡಾಕ…’

‘ನೆರಳ ಎಲ್ಲದ?’

‘ನೀನ ಅಂದಿದ್ದಿ ಅಲ್ಲಾ…’

‘ಮೂರರಾಗ ಒಂದು ಅಂದಿದ್ದೆ. ಒಂದು ಉಳಸ್ರಿ ಅಂದಿದ್ದಿಲ್ಲ.’ ಅವಳ ದನಿ ಸ್ವಲ್ಪ ಇಳಿಯಿತು. ‘ನಾಳಿಗಿ ಬಸ್ಸಿನ ಟಿಕೇಟ್ ತಗಸಿದ್ದೆ ರೀ. ಗಿಡದ ಸಲುವಾಗಿ ಅಲ್ಲ, ಅದರ ಮೊದಲ ತಗಸಿದ್ದೆ. ಇಲ್ಲಿ ಗಿಡ ಭಾಳ ಅವ. ಸಂಜೀ ಚಾ ಕುಡೀಬೇಕಂದ್ರ ಎದುರಿಗಿ ಯಾರೂ ಇಲ್ಲ. ಲುಂಬಿನಿಗಿ ಡ್ಯೂಟಿ.’

ರಾಜರತ್ನ ಫೋನನ್ನು ಇನ್ನೊಂದು ಕಿವಿಗೆ ಹಿಡಿದ. ‘ಮತ್ತ… ಟಿಕೇಟ್ ಹೆಂಗೂ ಅದ ಅಲ್ಲ?’

‘ಎಲ್ಲಿ ಬರ್ಲಿ? ಕಟ್ಟಿ ಇಲ್ಲ, ನೆರಳಿಲ್ಲ, ಈ ಬಿಸಿಲಾಗ ಆ ಫರಸಿ ಮನಿಯೊಳಗ ಕುಂತು ಬೇಯಲಿ? ನೆರಳು ಬಂದ ಮ್ಯಾಲೆ ಬರ್ತೀನಿ. ಟಿಕೇಟ್ ರದ್ದ ಮಾಡ್ತೀನಿ.’

ಅಂದಿನಿಂದ ರಾಜರತ್ನ ನಿಜವಾದ ವೈದ್ಯನಾದ. ಕಾಂಡಕ್ಕೆ ಬಿಸಿಲು ಸುಡದಂತೆ ಸುಣ್ಣ ಬಳಿದ. (ಸುಣ್ಣದ ವಿಷಯದಲ್ಲಿ ಅವನಿಗೆ ಯಾರೂ ಪಾಠ ಹೇಳುವಂತಿಲ್ಲ.) ಬುಡಕ್ಕಲ್ಲ, ಮೊದಲು ನೆರಳಿನ ಅಂಚು ಎಲ್ಲಿತ್ತೋ ಅಲ್ಲಿಯ ಫರಸಿ ಎಬ್ಬಿಸಿ, ಆಳವಿಲ್ಲದ ಕಾಲುವೆ ತೋಡಿ, ಹೊತ್ತು ಇಳಿದ ಮೇಲೆ ನಿಧಾನವಾಗಿ ನೀರು ಬಿಟ್ಟ; ನೀರು ಕುಡಿಯುವ ಎಳೆ ಬೇರು ಇರುವುದು ಅಲ್ಲಿ. ಅದರ ಮೇಲೆ ಕಡಿದ ಸೊಪ್ಪನ್ನೇ ಹೊದಿಸಿದ. ನೀರು ಹಾಕುವಾಗ, ಇಲ್ಲದ ನೆರಳಿನ ಅಂಚಿನಲ್ಲೇ ನಡೆಯುತ್ತಿದ್ದ. ಒಳಗೆ ಕಾಲಿಟ್ಟರೆ ಯಾರೋ ಕೂತವರನ್ನು ಏಳಿಸಿದಂತೆ ಅನಿಸುತ್ತಿತ್ತು.

ಮುಂಗಾರಿಗೆ ಮುಂಚಿನ ಬಿರುಗಾಳಿ ಧೂಳೆಬ್ಬಿಸಿ ಬಂತು. ದಸ್ತಗೀರನ ಪತ್ರಾ ವಾಡಿಕೆಯಂತೆ ಹಾರಿತು. ರಾಜರತ್ನ ಸಂಭ್ರಮದಿಂದ ಫೋನು ಮಾಡಿದ.

‘ಇಷ್ಟ ಗಾಳಿ ಬಂದ್ರೂ ನಮ್ಮ ಗಿಡ ಅಲ್ಲಾಡಲಿಲ್ಲ ನೋಡು!’

‘ಅಲ್ಲಾಡಾಕ ಅದರಾಗ ಏನು ಉಳದದ?’

ಗಾಳಿಯ ಹಿಂದೆ ಬಿದ್ದ ನಾಲ್ಕು ಹನಿಗೆ ಮೊಂಡು ಕೊಂಬೆಯಲ್ಲಿ ತಾಮ್ರದ ಬಣ್ಣದ ಚಿಗುರು ಒಡೆಯಿತು. ತಕ್ಷಣ ಫೋಟೋ ಕಳಿಸಿದ. ‘ಇದರ ನೆರಳಿಗಿ ನನ್ನ ಉಗುರು ಸುದ್ದಾ ಕುಂದ್ರಂಗಿಲ್ಲ’ ಎಂದು ಉತ್ತರ ಬಂತು.

ಉಗುರಿನ ಅಳತೆಯ ಎಲೆ ಹೆಂಡತಿಯ ಅಳತೆಯ ನೆರಳಾಗಲು ಎಷ್ಟು ಕಾಲ ಬೇಕೆಂದು ಅವನು ಲೆಕ್ಕ ಹಾಕಲು ಹೋಗಿ, ಬಂದ ಉತ್ತರಕ್ಕೆ ಹೆದರಿ ಅರ್ಧಕ್ಕೆ ಬಿಟ್ಟ. ಮರುದಿನ ಸಂಜೆ ನುಣುಪು ಕಲ್ಲನ್ನು ಹೊರಳಿಸಿ ತಂದು, ಮರಕ್ಕೆ ತಾಗದಂತೆ, ಎರಡು ಇಟ್ಟಿಗೆಯ ಮೇಲೆ ಮೂಡಲ ಬದಿಗೆ ಕೂರಿಸಿದ. ಕೈಗೆ ಸಿಕ್ಕ ಛತ್ರಿ ಬಿಚ್ಚಿ ಮೊಂಡು ಕೊಂಬೆಗೆ ಕಟ್ಟಿದ. ತಾನು ಪಕ್ಕದಲ್ಲಿ ಬಿಸಿಲಿಗೇ ಕೂತು, ಕಲ್ಲಿನ ಮೇಲೆ ಬಿದ್ದ ದುಂಡನೆಯ ಖಾಲಿ ನೆರಳಿನ ಫೋಟೋ ತೆಗೆದ. ‘ನೆರಳು ಬಂದದ. ಬಾ’ ಎಂದು ಬರೆದ. ಅಂತೂ ಆ ಒಂದು ಮಾತು ಹೊರಬಿದ್ದಿತ್ತು.

ಉತ್ತರಕ್ಕೆ ಕಾದ. ಚಹಾ ಆರಿತು. ಫೋನು ಮಿಣುಕಿತು.

‘ಎಲ್ಲೂ ಕಾಣವಲ್ದು ಅಂದ ಛತ್ರಿ ಇದ ಅಲ್ಲ?’

ರಾಜರತ್ನ ಕಳಿಸಿದ ಫೋಟೋ ಮತ್ತೆ ತೆರೆದ. ನೆರಳಿನ ಮೇಲ್ಗಡೆ ನೀಲಿ ಹೂವುಗಳು ಅಂಚಿನಿಂದ ಅಂಚಿಗೆ ಅರಳಿದ್ದವು.

‘ಐತವಾರ ಬರಾಕತ್ತೀನಿ’ ಎಂದು ಮುಂದಿನ ಸಾಲು. ಅವನು ಇನ್ನೇನು ಕುಣಿಯಬೇಕು, ಕೊನೆಯ ಸಾಲು ಬಂತು: ‘ಛತ್ರಿ ಒಯ್ಯಾಕ.’

ವೈಜ್ಞಾನಿಕ ಮೆದುಳು ಚುರುಕಾಯಿತು. ಛತ್ರಿ ಕೈಗೆ ಸಿಕ್ಕರೆ ಅವಳು ಹೊರಟಾಳು. ಛತ್ರಿಯೇ ಸಿಗದಿದ್ದರೆ ಹುಡುಕಬೇಕು. ಚೆನ್ನಾಗಿ ಮುಚ್ಚಿಟ್ಟರೆ, ಹುಡುಕುವಷ್ಟರಲ್ಲಿ ಚಿಗುರು ಟೊಂಗೆಯಾಗಿ, ಟೊಂಗೆ ನೆರಳಾಗಿ… ಅವನು ಕೊಂಬೆಯಿಂದ ಛತ್ರಿ ಬಿಚ್ಚಿ, ಮಡಿಚಿಕೊಂಡು ಒಳಗೆ ಧಾವಿಸಿ, ಅಟ್ಟಕ್ಕೆ ಏಣಿ ಹಾಕಿದ.

ಫೋನು ಮತ್ತೆ ಮಿಣುಕಿತು.

‘ಅಟ್ಟದ ಮ್ಯಾಲೆ ಮುಚ್ಚಿಡಾಕ ಹೋಗಬ್ಯಾಡ್ರಿ. ನಿಮ್ಮ ಮೊಣಕಾಲು ಮೊದಲ ಸರಿ ಇಲ್ಲ. ಬಂದಾಕಿ ಎಲ್ಲಿ ಹೋಗ್ತೀನಿ? ಇಳೀರಿ, ಗಿಡಕ್ಕ ನೀರು ಬಿಡ್ರಿ.’

ರಾಜರತ್ನ ಅದನ್ನು ಎರಡೆರಡು ಸಲ ಓದಿದ: ಏಣಿಯ ಮೇಲೆ ನಿಂತು, ಕಂಕುಳಲ್ಲಿ ಛತ್ರಿ ಇರುಕಿಕೊಂಡು.